ಪಕ್ಕವಾದ್ಯದವರು ಕಟ್ಟಿದ ಮನೆ: ಕರ್ನಾಟಕ ಕಾಲೇಜ್ ಆಫ್ ಪರ್ಕಷನ್

ಕಛೇರಿಯಲ್ಲಿ ತನಿ ಆವರ್ತನ ಶುರುವಾಗುತ್ತಿದ್ದಂತೆ ಸಭೆಯ ಒಂದು ಪಾಲು ಎದ್ದು ಕಾಫಿಗೆ ಹೋಗುತ್ತದೆ. ಗಾಯನ ಸಮಾಜದಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದಲ್ಲಿ, ಊರೂರಿನ ತ್ಯಾಗರಾಜರ ಆರಾಧನೆಗಳಲ್ಲಿ ಇದನ್ನು ನೋಡುತ್ತಲೇ ಬೆಳೆದವರು ನಾವು. ಎರಡು ಗಂಟೆ ಹಾಡುಗಾರರ ಬೆನ್ನಿಗೆ ನಿಂತು ಬಂದ ಮೃದಂಗದವರಿಗೆ ತಮ್ಮದು ಎಂದು ಸಿಗುವುದು ಆ ಹತ್ತು ಹದಿನೈದು ನಿಮಿಷ. ಆ ಹೊತ್ತಿಗೇ ಕುರ್ಚಿಗಳು ಸದ್ದು ಮಾಡುತ್ತವೆ. ಆಮಂತ್ರಣ ಪತ್ರಿಕೆಯಲ್ಲೂ ಅವರ ಹೆಸರು ಕೆಳಗೆ, ಚಿಕ್ಕ ಅಕ್ಷರದಲ್ಲಿ. ಘಟ, ಖಂಜಿರ, ಮೋರ್ಸಿಂಗ್ ನುಡಿಸುವವರದು ಉಪ ಪಕ್ಕವಾದ್ಯ. ಅದಕ್ಕಿಂತ ಇನ್ನೂ ಒಂದು ಮೆಟ್ಟಿಲು ಕೆಳಗೆ.

ಈ ಸಂಚಿಕೆಗೆ ನಾನು ಬರೆಯಹೊರಟಿರುವುದು ಆ ಚಿಕ್ಕ ಅಕ್ಷರದವರು ಕಟ್ಟಿದ ಸಂಸ್ಥೆಯ ಕಥೆ. 1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ (ಕೆಸಿಪಿ) ಆರಂಭಿಸಿದರು. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ತಾಳವಾದ್ಯದ ಪಾಠಶಾಲೆ. ಹತ್ತೊಂಬತ್ತು ವರ್ಷಗಳ ತರುವಾಯ, 1983ರ ಫೆಬ್ರವರಿಯಲ್ಲಿ, ಅದೇ ಪಾಠಶಾಲೆಯ ನಾಲ್ವರು ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಬಾವರ್ ಸ್ಟುಡಿಯೋದಲ್ಲಿ ಕುಳಿತು, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರ ಜೊತೆ ಒಂದು ಗ್ರಾಮಫೋನ್ ರೆಕಾರ್ಡಿಗಾಗಿ ನುಡಿಸುತ್ತಿದ್ದರು. ರೆಕಾರ್ಡಿನ ಹೆಸರು 'ಜ್ಯೋತಿ'. ಕರ್ನಾಟಕದಿಂದ ಹೊರಟ ಜಾಝ್ ಫ್ಯೂಷನ್ ತಂಡಗಳ ಚರಿತ್ರೆಯನ್ನು ಯಾರೇ ಬರೆದರೂ ಇಲ್ಲಿಗೆ ಬಂದು ನಿಲ್ಲಲೇಬೇಕು. ಆದರೆ ಆ ಚರಿತ್ರೆಯ ಬೇರು ಸ್ಟುಡಿಯೋದಲ್ಲಿಲ್ಲ, ಪಾಠದ ಚಾಪೆಯ ಮೇಲಿದೆ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಮೃದಂಗ ಕಲಿಯಲು ಬಂದ ಹುಡುಗನ ಕೈಗೆ ಮೊದಲ ದಿನವೇ ಮೃದಂಗ ಬರುವುದಿಲ್ಲ. ಮೊದಲು ಬಾಯಿ. ತಕದಿಮಿ ನಾಲ್ಕು, ತಕಿಟ ಮೂರು, ತದಿಗಿಣತೊಂ ಐದು. ಕೈಯಲ್ಲಿ ತಾಳ ಹಾಕುತ್ತ ಇವನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹೇಳಬೇಕು. ಬಾಯಲ್ಲಿ ನಿಲ್ಲದ್ದು ಬೆರಳಿನಲ್ಲಿ ನಿಲ್ಲುವುದಿಲ್ಲ ಎಂಬುದು ಎಲ್ಲ ಲಯ ಗುರುಗಳ ಮಾತು. ಜೂನಿಯರ್, ಸೀನಿಯರ್, ವಿದ್ವತ್ ಎಂದು ಸರ್ಕಾರಿ ಪರೀಕ್ಷೆಗಳಿಗೆ ಕಟ್ಟುವ ತಾಳವಾದ್ಯದ ಮಕ್ಕಳೆಲ್ಲ ಈ ದಾರಿಯಲ್ಲೇ ಬಂದವರು. ಹೀಗೆ ಬಾಯಲ್ಲಿ ಹೇಳುವ ಜತಿಗಳು ಕಛೇರಿಯ ಮಟ್ಟಕ್ಕೆ ಏರಿದಾಗ ಅದು ಕೊನ್ನಕೋಲು. ಒಂದು ಕಾಲದಲ್ಲಿ ವೇದಿಕೆಯಲ್ಲಿ ಗೌರವದ ಸ್ಥಾನವಿದ್ದ ಕಲೆ ಅದು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಹುಮಟ್ಟಿಗೆ ಪಾಠದ ಕೋಣೆಗೆ ಸರಿದುಹೋಗಿತ್ತು. ಮಣಿ ಅವರು ಮಾಡಿದ ದೊಡ್ಡ ಕೆಲಸ, ನನ್ನ ಲೆಕ್ಕದಲ್ಲಿ, ಅದನ್ನು ಕೋಣೆಯಿಂದ ಮತ್ತೆ ವೇದಿಕೆಗೆ ತಂದದ್ದು. ತಾಳವಾದ್ಯಗಳೇ ಮುಂದಾಳಾಗಿ ನಿಲ್ಲುವ 'ತಾಳ ತರಂಗಿಣಿ' ಎಂಬ ಮೇಳವನ್ನು ಅವರು ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕೋಲು ಅಲ್ಲಿ ಯಾರ ಹಿಂದೆಯೂ ಇರಲಿಲ್ಲ. ಎದ್ದು ಹೋಗಬೇಕೆನ್ನುವವರು ಎದ್ದು ಹೋಗಲು ತನಿ ಆವರ್ತನವೆಂಬ ಬೇರೆ ಹೊತ್ತೇ ಅಲ್ಲಿರಲಿಲ್ಲ, ಇಡೀ ಕಾರ್ಯಕ್ರಮವೇ ತನಿ.

ಈ ಮೇಳದ ಎದೆಯಲ್ಲಿದ್ದವರು ಆರ್.ಎ. ರಮಾಮಣಿ. ಮಣಿ ಅವರ ಪತ್ನಿ, ಕರ್ನಾಟಕ ಸಂಗೀತದ ಗಾಯಕಿ. ಹಾಡುಗಾರಿಕೆಯ ಜೊತೆಗೆ ಲಯದ ಲೆಕ್ಕವನ್ನೂ ಪಕ್ಕವಾದ್ಯದವರಷ್ಟೇ ಗಟ್ಟಿಯಾಗಿ ಅರಗಿಸಿಕೊಂಡವರು. ನಮ್ಮಲ್ಲಿ ಹಾಡುವವರು ಬೇರೆ, ಲೆಕ್ಕದವರು ಬೇರೆ ಎಂಬ ಒಂದು ಗೋಡೆ ಇದೆ; ಹೆಣ್ಣುಮಕ್ಕಳ ವಿಷಯದಲ್ಲಂತೂ ಅದು ಇನ್ನಷ್ಟು ಎತ್ತರ. ರಮಾಮಣಿ ಅದನ್ನು ಲೆಕ್ಕಿಸಲಿಲ್ಲ. ಮುಂದೆ ಯೂರೋಪಿನ ಜಾಝ್ ಲೋಕಕ್ಕೆ ಗೊತ್ತಾದ ರಚನೆಗಳು ಅವರವು. ಮೇಳದ ಇನ್ನಿಬ್ಬರು ಆರ್.ಎ. ರಾಜಗೋಪಾಲ್ ಮತ್ತು ಟಿ.ಎನ್. ಶಶಿಕುಮಾರ್. ರಾಜಗೋಪಾಲ್ ಅವರದು ಘಟ ಮತ್ತು ಮೋರ್ಸಿಂಗ್, ಶಶಿಕುಮಾರ್ ಅವರದು ಖಂಜಿರ. ಇಬ್ಬರೂ ಕೊನ್ನಕೋಲಿನಲ್ಲಿ ಪಳಗಿದವರು. ಪ್ರಪಂಚ ಕೆಸಿಪಿ ಎಂದು ಕರೆದದ್ದು ಮುಖ್ಯವಾಗಿ ಈ ನಾಲ್ವರನ್ನು.

ಇಂಥ ಪಾಠಶಾಲೆಗೂ ಜಾಝ್‌ಗೂ ಎಲ್ಲಿಯ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಒಂದೇ ದಿನದಲ್ಲಿ ಆದದ್ದಲ್ಲ, ಎರಡೂ ಕಡೆಯಿಂದ ನೆಲ ಹದವಾಗುತ್ತ ಬಂದಿತ್ತು. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಪಕ್ಕದಲ್ಲೇ ಪಾಶ್ಚಾತ್ಯ ಬ್ಯಾಂಡ್ ಇತ್ತು. ಜಯಚಾಮರಾಜ ಒಡೆಯರು ತಾವೇ ಕೃತಿಗಳನ್ನು ರಚಿಸಿದವರು. ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಹಣ ಕೊಟ್ಟವರೂ ಅವರೇ. ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಎಂಬ ವಾದ್ಯಕ್ಕೆ ಮನಸೋತದ್ದು ಆ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ತಂದೆಯಿಂದ ಬಂದ ನಾಗಸ್ವರದ ಉಸಿರನ್ನು ಅವರು ಹಿತ್ತಾಳೆಯ ಕೊಳವೆಗೆ ಇಳಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ವೇದಿಕೆ ಹಂಚಿಕೊಂಡರು.

ಆ ಕಡೆಯಿಂದಲೂ ಜನ ಬರುತ್ತಿದ್ದರು. 1958ರಲ್ಲಿ ಡೇವ್ ಬ್ರೂಬೆಕ್ ಅವರ ತಂಡ ಭಾರತಕ್ಕೆ ಬಂದಾಗ ಮದರಾಸಿನಲ್ಲಿ ಮೃದಂಗದ ದಿಗ್ಗಜ ಪಳನಿ ಸುಬ್ರಮಣ್ಯ ಪಿಳ್ಳೈ ಅವರ ಜೊತೆ ನುಡಿಸಿತು. ಮರುವರ್ಷ ಬ್ರೂಬೆಕ್ ತಂಡದ ಐದು ಎಣಿಕೆಯ 'ಟೇಕ್ ಫೈವ್' ಹೊರಬಂತು. ಖಂಡಚಾಪು ಗೊತ್ತಿದ್ದವರಿಗೆ ಆ ನಡೆ ಪರಕೀಯವೆನಿಸುವುದಿಲ್ಲ. ಅದೇ 1959ರಲ್ಲಿ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಮಾಡಿದರು. ಅಲ್ಲಿಯವರೆಗೆ ಜಾಝ್ ವಾದಕನ ಮನೋಧರ್ಮ ಕ್ಷಣಕ್ಕೊಮ್ಮೆ ಬದಲಾಗುವ ಕಾರ್ಡ್‌ಗಳ ಮೇಲೆ ಓಡುತ್ತಿತ್ತು. ಆಮೇಲೆ ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಂತು ವಿಸ್ತರಿಸುವ ದಾರಿಯೂ ತೆರೆಯಿತು. ಆಧಾರ ಷಡ್ಜ ಕದಲದೆ ರಾಗ ಬೆಳೆಸುವ ನಮ್ಮ ಪದ್ಧತಿಗೆ ಇದು ಹತ್ತಿರದ ದಾರಿ. 1966ರಲ್ಲಿ ಲಂಡನ್ನಿನಲ್ಲಿ ಕಲ್ಕತ್ತೆ ಮೂಲದ ಜಾನ್ ಮೇಯರ್ ಮತ್ತು ಜೋ ಹ್ಯಾರಿಯಟ್ 'ಇಂಡೋ ಜಾಝ್ ಸೂಟ್' ತಂದರು. 1970ರ ದಶಕದ ನಡುವಿನಲ್ಲಿ ಜಾನ್ ಮೆಕ್‌ಲಾಗ್ಲಿನ್ ಅವರ 'ಶಕ್ತಿ' ಬಂತು, ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ. ಶಕ್ತಿಯ ಕೀರ್ತಿ ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ಬೆಂಗಳೂರಿನ ಈ ಮೇಳ ನಮ್ಮವರ ಕಣ್ಣಿಗೇ ಬೀಳದೆ ಹೋಯಿತು. ನನಗೆ ಈ ಕುರಿತು ನೋವಿದೆ. ಶಕ್ತಿ ನಾಲ್ಕು ದಿಕ್ಕಿನಿಂದ ಬಂದ ಮಹಾನ್ ವಾದಕರ ಕೂಟ. ಕೆಸಿಪಿ ಒಂದೇ ಊರಿನ, ಒಂದೇ ಪಾಠಶಾಲೆಯ, ಒಂದೇ ಮನೆಯ ಊಟ ಉಂಡವರ ಮೇಳ. ಎರಡರ ನಾದವೂ ಬೇರೆ, ಹುಟ್ಟಿನ ರೀತಿಯೂ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೆಸಿಪಿಗೆ ದಾರಿ ತೆರೆದದ್ದು ಜರ್ಮನಿಯ ಕಡೆಯಿಂದ. ಅಲ್ಲಿನ ಮ್ಯೂನಿಕ್ ನಗರದ ಎಂಬ್ರಿಯೋ ಎಂಬ ತಂಡ 1978ರಲ್ಲಿ ಬಸ್ಸು ಹತ್ತಿ ರಸ್ತೆ ಮಾರ್ಗವಾಗಿ ಭಾರತದ ಕಡೆ ಹೊರಟಿತು. ಕ್ರಿಸ್ಟಿಯಾನ್ ಬುರ್ಖಾರ್ಟ್ ಅದರ ಮುಖಂಡರು. ದಾರಿಯುದ್ದಕ್ಕೂ ಆಯಾ ನಾಡಿನ ವಾದಕರ ಜೊತೆ ಕೂತು ನುಡಿಸುತ್ತ, ಅದನ್ನು ಧ್ವನಿಮುದ್ರಿಸುತ್ತ, ಚಿತ್ರೀಕರಿಸುತ್ತ ಅವರು ಬಂದರು; ಅಫ್ಘಾನಿಸ್ತಾನವನ್ನು ದಾಟಿದ್ದು ಅಲ್ಲಿ ಯುದ್ಧ ಹೊತ್ತಿಕೊಳ್ಳುವ ಮುನ್ನ. ಆ ಪ್ರವಾಸದ ಸಿನಿಮಾ 'ವಾಗಾಬುಂಡೆನ್ ಕರವಾನೆ'. ಅಂಥ ಅಲೆಮಾರಿಗಳಿಗೂ ಬೆಂಗಳೂರಿನ ಒಂದು ಮೃದಂಗ ಶಾಲೆಗೂ ಗೆಳೆತನ ಬೆಳೆದದ್ದು ನನಗೆ ಈಗಲೂ ವಿಸ್ಮಯ. ಗೆಳೆತನ ಕೈಕುಲುಕುವುದರಲ್ಲಿ ಮುಗಿಯಲಿಲ್ಲ. 1980ರಲ್ಲಿ ಎಂಬ್ರಿಯೋ, ಚಾರ್ಲಿ ಮರಿಯಾನೋ ಮತ್ತು ಕೆಸಿಪಿ ಮೂವರ ಹೆಸರಿನಲ್ಲಿ 'ಲೈಫ್' ಬಂತು. ಎಂಬ್ರಿಯೋದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ತಂಡದ ಮೊದಲ ಆಲ್ಬಂ 'ಜರ್ಮನಿಸ್ತಾನ್', 1982. ಅದರಲ್ಲೂ ಕೆಸಿಪಿ ಇದೆ. ಇಂದು ವರ್ಲ್ಡ್ ಮ್ಯೂಸಿಕ್ ಎಂದು ಅಂಗಡಿಗಳಲ್ಲಿ ಕಪಾಟು ಮಾಡಿ ಇಡುತ್ತಾರಲ್ಲ, ಆ ಹೆಸರು ವ್ಯಾಪಾರಕ್ಕೆ ಬರುವ ಮೊದಲೇ ನಡೆದ ಕೆಲಸವಿದು.

ಚಾರ್ಲಿ ಮರಿಯಾನೋ ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಹುಟ್ಟಿದ್ದು 1923ರ ನವೆಂಬರ್ 12ರಂದು, ಬಾಸ್ಟನ್‌ನಲ್ಲಿ, ಇಟಲಿಯಿಂದ ವಲಸೆ ಬಂದ ಮನೆತನದಲ್ಲಿ. ಸ್ಟಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದದಲ್ಲಿ ನುಡಿಸಿದವರು, ಬರ್ಕ್ಲಿ ಸಂಗೀತ ಶಾಲೆಯಲ್ಲಿ ಕಲಿಸಿದವರು. ಚಾರ್ಲ್ಸ್ ಮಿಂಗಸ್ 1963ರಲ್ಲಿ ಮಾಡಿದ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಅಳುವ ಹಾಗೆ, ಕೂಗುವ ಹಾಗೆ ಕೇಳುವ ಆಲ್ಟೋ ಸ್ಯಾಕ್ಸೊಫೋನ್ ಅವರದು. ಜಾಝ್ ಲೋಕದಲ್ಲಿ ಇಷ್ಟು ಮಾಡಿದವರು ಅಷ್ಟಕ್ಕೇ ತೃಪ್ತಿಪಟ್ಟು ಕೂರಬಹುದಿತ್ತು. ಅರವತ್ತರ ದಶಕದ ಕೊನೆಯಲ್ಲಿ ಮಲೇಷ್ಯಾ ರೇಡಿಯೋದ ವಾದಕರಿಗೆ ಕಲಿಸಲು ಕ್ವಾಲಾಲಂಪುರಕ್ಕೆ ಹೋದಾಗ ಅಲ್ಲಿನ ತಮಿಳರ ಬಾಯಿಂದ ನಾಗಸ್ವರ ಕೇಳಿದರು. ನಾವು ಓಲಗ ಎನ್ನುವ ಅದೇ ವಾದ್ಯ. ನಡುವಯಸ್ಸಿನ, ಹೆಸರು ಮಾಡಿದ ವಾದಕ ಮತ್ತೆ ಶಿಷ್ಯನಾಗಿ ಅದನ್ನು ಕಲಿಯಲು ಕೂತರು. ಮದುವೆ ಮನೆಯಲ್ಲಿ ಓಲಗದವರನ್ನು ಚಪ್ಪರದ ಮೂಲೆಯಲ್ಲಿ ಕೂರಿಸಿ ಕೊನೆಯ ಪಂಕ್ತಿಗೆ ಊಟಕ್ಕೆ ಕರೆಯುವ ನಮ್ಮ ಸಮಾಜಕ್ಕೆ ಈ ಸಂಗತಿ ಗೊತ್ತಿರಬೇಕು.

ಎಂಬ್ರಿಯೋ ತಂಡದ 1973ರ 'ವಿ ಕೀಪ್ ಆನ್' ಆಲ್ಬಂನಲ್ಲೇ ಮರಿಯಾನೋ ನುಡಿಸಿದ್ದರು. ಹಾಗಾಗಿ ಕೆಸಿಪಿಗೂ ಅವರಿಗೂ ನಡುವೆ ದಾರಿ ಸಿದ್ಧವಾಗಿತ್ತು. ಆ ದಾರಿಯಲ್ಲಿ ಶುರುವಾದ ಒಡನಾಟ ಒಂದೆರಡು ಕಾರ್ಯಕ್ರಮಕ್ಕೆ ನಿಲ್ಲದೆ ದಶಕಗಳ ಕಾಲ ನಡೆಯಿತು. ಫ್ಯೂಷನ್ ಎಂಬ ಹೆಸರಿನಲ್ಲಿ ನಡೆಯುವ ಬಹಳಷ್ಟು ಕಾರ್ಯಕ್ರಮಗಳು ಹಿಂದಿನ ದಿನ ಭೇಟಿಯಾಗಿ ಮರುದಿನ ವೇದಿಕೆ ಏರುವಂಥವು. ಅಲ್ಲಿ ಒಬ್ಬರು ನುಡಿಸುತ್ತಾರೆ, ಇನ್ನೊಬ್ಬರು ನುಡಿಸುತ್ತಾರೆ, ಕೊನೆಗೆ ಇಬ್ಬರೂ ಜೋರಾಗಿ ನುಡಿಸುತ್ತಾರೆ, ಚಪ್ಪಾಳೆ. ಕೆಸಿಪಿ ಮತ್ತು ಮರಿಯಾನೋ ಹಾಗೆ ಮಾಡಿದವರಲ್ಲ. ರಚನೆ ಕಲಿತು, ತಾಳ ಕಲಿತು, ಒಬ್ಬರ ಉಸಿರನ್ನು ಒಬ್ಬರು ಅರಿತು ನುಡಿಸಿದವರು.

ತಾಳ ಕಲಿಯುವುದು ಎಂದರೆ ಏನು ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ. ಓದುಗರು ಕೈಯಲ್ಲಿ ತಾಳ ಹಾಕಿ ನೋಡಬಹುದು. ಆದಿತಾಳಕ್ಕೆ ಎಂಟು ಎಣಿಕೆ. ಒಂದೊಂದು ಎಣಿಕೆಯಲ್ಲಿ ನಾಲ್ಕು ಅಕ್ಷರ ಹಿಡಿಸಿದರೆ ಆವರ್ತಕ್ಕೆ ಮೂವತ್ತೆರಡು. ಈಗ ಐದಕ್ಷರದ ತದಿಗಿಣತೊಂ ಅನ್ನು ಎರಡು ಸಲ ಹೇಳಿ, ಒಂದಕ್ಷರದಷ್ಟು ಸುಮ್ಮನಿರಿ. ಮತ್ತೆ ಎರಡು ಸಲ, ಮತ್ತೆ ಒಂದಕ್ಷರ ಮೌನ. ಮತ್ತೆ ಎರಡು ಸಲ. ಹತ್ತು, ಒಂದು, ಹತ್ತು, ಒಂದು, ಹತ್ತು: ಸರಿಯಾಗಿ ಮೂವತ್ತೆರಡು. ಮುಂದಿನ ಏಟು ಸಮಕ್ಕೆ ಬಂದು ಬೀಳುತ್ತದೆ. ನಟ್ಟನಡುವೆ ಒಂದು ಕಡೆ ಬಿಟ್ಟರೆ ಐದರ ಗುಂಪು ನಾಲ್ಕರ ಎಣಿಕೆಗೆ ಹೊಂದುವುದಿಲ್ಲ, ಎಳೆದಾಡುತ್ತಲೇ ಇರುತ್ತದೆ. ಕೊನೆಯಲ್ಲಿ ಬೀಗದ ಕೈ ಬೀಗಕ್ಕೆ ಕೂತ ಹಾಗೆ ಕೂರುತ್ತದೆ. ಮೋರಾ, ಕೋರ್ವೆ, ಮುಕ್ತಾಯಗಳೆಲ್ಲ ಈ ಬೀಜದಿಂದ ಬೆಳೆದ ಮರಗಳು. ಜಾಝ್ ವಾದಕನಿಗೆ ನಮ್ಮ ಗಮಕ ಪೂರ್ತಿ ಒಲಿಯಲು ಒಂದು ಜನ್ಮ ಬೇಕು. ಆದರೆ ಈ ಲೆಕ್ಕವನ್ನು ಬಾಯಲ್ಲಿ ಹೇಳಿಕೊಟ್ಟರೆ ಕೆಲವೇ ದಿನಗಳಲ್ಲಿ ಹಿಡಿಯುತ್ತಾನೆ. ಅವನಿಗೆ ನಮ್ಮ ಸ್ವರಲಿಪಿ ಬೇಡ, ನಮಗೆ ಅವನ ಸ್ಟಾಫ್ ನೊಟೇಷನ್ ಬೇಡ. ಕೊನ್ನಕೋಲು ಎರಡು ಲೋಕಗಳ ನಡುವಿನ ಆಡುಮಾತಾಯಿತು. ಹಾಡುಗಾರರ ಶಾಲೆಗಿಂತ ತಾಳವಾದ್ಯದ ಶಾಲೆಯೊಂದು ಜಾಝ್ ಜೊತೆ ಅಷ್ಟು ಗಟ್ಟಿಯಾಗಿ ಬೆಸೆದುಕೊಳ್ಳಲು ಇದೇ ಕಾರಣ ಎಂದು ನಾನು ನಂಬಿದ್ದೇನೆ.

ಹೇಳುವಷ್ಟು ಸುಲಭವಾಗಿ ಎಲ್ಲವೂ ಕೂಡಿಬರುವುದಿಲ್ಲ. ಘಟವನ್ನೇ ನೋಡಿ. ಮಾನಾಮಧುರೆಯದೋ ದೇವನಹಳ್ಳಿಯದೋ, ಒಮ್ಮೆ ಸುಟ್ಟ ಮಡಕೆಯ ಶ್ರುತಿ ಅಲ್ಲಿಗೆ ನಿಂತಿತು. ಮೃದಂಗದ ಹಾಗೆ ಅಂಚಿಗೆ ಏಟು ಹಾಕಿ ಏರಿಸಿ ಇಳಿಸಲಾಗದು. ಹಾಡುವವರ ಶ್ರುತಿಗೆ ತಕ್ಕ ಮಡಕೆಯನ್ನೇ ಹುಡುಕಿ, ಒಡೆಯದಂತೆ ಸುತ್ತಿ, ವಿಮಾನದಲ್ಲಿ ಒಯ್ಯಬೇಕು. ಖಂಜಿರದ ಉಡದ ಚರ್ಮಕ್ಕೆ ನೀರು ಸವರಿ ಸಡಿಲ ಮಾಡಿಕೊಂಡರೆ ಅದು ಗುಮ್ಮೆನ್ನುತ್ತದೆ. ಹೀಟರ್ ಹಾಕಿದ ಒಣ ಕೋಣೆಯಲ್ಲಿ ಆ ನೀರು ಬೇಗ ಆರಿ ಚರ್ಮ ಬಿಗಿದು ದನಿ ಏರಿಬಿಡುತ್ತದೆ. ಮೃದಂಗದ ಎಡಭಾಗಕ್ಕೆ ಹಚ್ಚಿದ ರವೆಯ ಹಿಟ್ಟಿನದೂ ಅದೇ ಪಾಡು. ಲುಡ್ವಿಗ್ಸ್‌ಬುರ್ಗ್‌ನ ಫೆಬ್ರವರಿ ಎಂದರೆ ಕಡು ಚಳಿಗಾಲ. ಅಲ್ಲಿ ಇವೆಲ್ಲವನ್ನೂ ಹದದಲ್ಲಿಟ್ಟುಕೊಂಡು ನುಡಿಸುವುದೇ ಒಂದು ವಿದ್ಯೆ. ರೆಕಾರ್ಡು ಕೇಳುವಾಗ ಈ ದುಡಿಮೆ ನಮ್ಮ ಕಿವಿಗೆ ಬೀಳುವುದಿಲ್ಲ. ಅದು ಬೀಳದಂತೆ ನೋಡಿಕೊಂಡದ್ದೇ ಅವರ ಹೆಚ್ಚುಗಾರಿಕೆ.

'ಜ್ಯೋತಿ'ಯನ್ನು ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಸಂಸ್ಥೆ. ನಿರ್ಮಾಪಕರು ಅದರ ಸ್ಥಾಪಕ ಮಾನ್‌ಫ್ರೆಡ್ ಐಖರ್. ಸದ್ದಿಗಿಂತ ಸದ್ದಿನ ಸುತ್ತಲಿನ ನಿಶ್ಶಬ್ದವನ್ನು ಜೋಪಾನವಾಗಿ ಹಿಡಿಯುವ ಸಂಸ್ಥೆಯೆಂದು ಜಗತ್ತಿನಾದ್ಯಂತ ಹೆಸರಾದದ್ದು. ಆರು ರಚನೆಗಳಿವೆ: 'ವಾಯ್ಸ್ ಸೋಲೊ', 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್', 'ಭಜನ್'. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಶಶಿಕುಮಾರ್ ಅವರ ಖಂಜಿರ, ಇವರ ನಡುವೆ ಮರಿಯಾನೋ ಅವರ ಸೊಪ್ರಾನೋ ಸ್ಯಾಕ್ಸೊಫೋನ್ ಮತ್ತು ಕೊಳಲು. ಜಾಝ್ ರೆಕಾರ್ಡು ಎಂದು ಮಾರಾಟವಾದ ಈ ತಟ್ಟೆಯ ಮೇಲೆ ಜಾಝ್‌ನವರು ಒಬ್ಬರೇ. ಅಂದರೆ ಇಲ್ಲಿ ಅತಿಥಿ ಬೆಂಗಳೂರಿನವರಲ್ಲ, ಬಾಸ್ಟನ್ನಿನವರು. ನಮ್ಮ ಮನೆಯ ಪಡಸಾಲೆಗೆ ಅವರು ಚಪ್ಪಲಿ ಕಳಚಿಟ್ಟು ಬಂದು ಕೂತಿದ್ದಾರೆ.

ಈ ರೆಕಾರ್ಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ಮೊದಲ ರಚನೆಗೆ ದೀಪ ಸಣ್ಣ ಮಾಡಿ ಕೂರುತ್ತೇನೆ. ಜಗತ್ತಿನ ಹೆಸರಾಂತ ಜಾಝ್ ವಾದಕನ ಹೆಸರು ಹೊದಿಕೆಯ ಮೇಲಿದ್ದರೂ ಬಾಗಿಲು ತೆರೆಯುವುದು ಒಬ್ಬ ಕನ್ನಡ ನಾಡಿನ ಗಾಯಕಿಯ ದನಿ. ಮುಂದೆ ಸ್ಯಾಕ್ಸೊಫೋನ್ ಸೇರಿಕೊಂಡಾಗ ಮರಿಯಾನೋ ರಾಗವನ್ನು ನಮ್ಮವರ ಹಾಗೆ ನುಡಿಸಲು ಹವಣಿಸುವುದಿಲ್ಲ. ತಮ್ಮ ನುಡಿಯ ದುಗುಡವನ್ನು, ತಮ್ಮ ಉಸಿರಿನ ಒರಟನ್ನು ಉಳಿಸಿಕೊಂಡೇ ಹಾಡಿನ ಸಾಲಿಗೆ ಹೆಗಲು ಕೊಡುತ್ತಾರೆ. ರಮಾಮಣಿಯವರೂ ಜಾಝ್ ಗಾಯಕಿಯಾಗಲು ಹೊರಡುವುದಿಲ್ಲ. ಇಬ್ಬರೂ ತಮ್ಮ ತಮ್ಮ ನೆಲದ ಮೇಲೆ ನಿಂತೇ ಕೈ ಚಾಚುತ್ತಾರೆ.

ರಚನೆಗಳು ರಮಾಮಣಿಯವರವು. ಇದನ್ನು ಒತ್ತಿ ಹೇಳುವ ಅಗತ್ಯವಿದೆ. ಅಂಗಡಿಗಳಲ್ಲಿ, ಪಟ್ಟಿಗಳಲ್ಲಿ ಈ ರೆಕಾರ್ಡು ಇರುವುದು ಮರಿಯಾನೋ ಅವರ ಹೆಸರಿನಡಿ; ಜೊತೆಗಿನ ಹೆಸರು ಒಂದು ಸಂಸ್ಥೆಯದು. ಹೊದಿಕೆಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿದವರಿಗಷ್ಟೇ ಇದನ್ನೆಲ್ಲ ಕಟ್ಟಿದ ಹೆಣ್ಣುಮಗಳು ಯಾರು ಎಂದು ತಿಳಿಯುತ್ತದೆ. ಪಕ್ಕವಾದ್ಯದವರ ಹೆಸರು ಚಿಕ್ಕ ಅಕ್ಷರದಲ್ಲಿ ಎಂದು ಆರಂಭದಲ್ಲಿ ಹೇಳಿದೆ. ರಚನಕಾರ್ತಿಯ ಹೆಸರೂ ಅಲ್ಲೇ ಉಳಿಯಿತು. ಇದು ಮರಿಯಾನೋ ಅವರ ತಪ್ಪಲ್ಲ. ಮಾರುಕಟ್ಟೆಗೆ ಪರಿಚಿತ ಹೆಸರು ಬೇಕಿತ್ತು. ಆದರೆ ಕನ್ನಡದಲ್ಲಿ ಬರೆಯುವ ನಾವಾದರೂ 'ರಮಾಮಣಿಯವರ ಜ್ಯೋತಿ' ಎಂದೇ ಕರೆಯಬಹುದಲ್ಲ? ಕರ್ನಾಟಕದ ಸಂಗೀತ ರಚನಕಾರರ ಪಟ್ಟಿ ಮಾಡುವಾಗ ಈ ಹೆಸರನ್ನು ಬಿಟ್ಟರೆ ಆ ಪಟ್ಟಿ ಅಪೂರ್ಣ.

ಎಂಬತ್ತರ ದಶಕದಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಅದು ದೇಶದೊಳಗಿನ ಬಾಗಿಲು. ಡಾರ್ಜಿಲಿಂಗ್‌ನಲ್ಲಿ ಹುಟ್ಟಿ, ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನಲ್ಲಿ ಹೆಸರು ಮಾಡಿ, ಮುಂಬಯಿಗೆ ಬಂದು ನೆಲೆಸಿದ ಪಿಯಾನೋ ವಾದಕ ಲೂಯಿ ಬ್ಯಾಂಕ್ಸ್ ಅವರು ರಮಾಮಣಿಯವರ ಗಾಯನವನ್ನಿಟ್ಟುಕೊಂಡು 'ಸಂಗಂ' ಎಂಬ ತಂಡ ಕಟ್ಟಿ ಯೂರೋಪಿನಲ್ಲಿ ಪ್ರವಾಸ ಮಾಡಿದರು. 1978ರಿಂದ ಮುಂಬಯಿಯಲ್ಲಿ ನಡೆಯುತ್ತ ಬಂದ ಜಾಝ್ ಯಾತ್ರಾ ಉತ್ಸವದಿಂದಾಗಿ ಇಂಥ ಸಹವಾಸಗಳಿಗೆ ಅಷ್ಟುಹೊತ್ತಿಗೆ ಕೇಳುಗರೂ ಸಿದ್ಧವಾಗಿದ್ದರು. ಮರಿಯಾನೋ ಜೊತೆಗಿನ ಕೆಲಸವೂ ಮುಂದುವರಿಯಿತು. ಜರ್ಮನಿಯ ಬಾಸ್ ವಾದಕ ಡೀಟರ್ ಇಲ್ಗ್ ಸೇರಿಕೊಂಡ ನೇರ ಕಛೇರಿಯ ಮುದ್ರಣ ಬಂತು. 'ಬ್ಯಾಂಗಲೋರ್' ಎಂಬ ಹೆಸರಿನದೇ ಒಂದು ಆಲ್ಬಂ ಬಂತು. ಕಲೋನ್ ನಗರದ ಪಿಯಾನೋ ವಾದಕ ಮೈಕ್ ಹೆರ್ಟಿಂಗ್ ಈ ಬಳಗಕ್ಕೆ ಹತ್ತಿರವಾದವರು. ಅವರ ಕೈಯಲ್ಲಿ ಬೆಂಗಳೂರಿನ ಲಯ ಜರ್ಮನಿಯ ರೇಡಿಯೋದ ಬಿಗ್ ಬ್ಯಾಂಡಿನವರೆಗೂ ಹೋಯಿತು. ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಸಲು ನಾವು ಜಗಳವಾಡುತ್ತೇವೆ. ಅದನ್ನು ಪರದೇಶದ ರೆಕಾರ್ಡಿನ ಹೊದಿಕೆಯ ಮೇಲೆ ಬರೆಸಿದವರು ಇವರು.

ಕಲೋನ್ ಎಂದಾಗ ಇನ್ನೊಬ್ಬರನ್ನು ನೆನೆಯಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡವಿತ್ತು. ಅದರ ಡ್ರಮ್ ವಾದಕ ರಮೇಶ್ ಶೋತಂ. ರಾಕ್ ಸಂಗೀತದಲ್ಲಿ ಹೆಸರು ಮಾಡಿದ ಮೇಲೆ ಅವರು ಕೆಸಿಪಿಗೆ ಬಂದು ದಕ್ಷಿಣಾದಿ ಲಯವನ್ನು ಶಿಷ್ಯರಾಗಿ ಕಲಿತರು, ತವಿಲ್ ಹಿಡಿದರು. ಆಮೇಲೆ ಕಲೋನ್‌ನಲ್ಲಿ ನೆಲೆಸಿ ಯೂರೋಪಿನ ಜಾಝ್ ವಾದಕರ ನಡುವೆ ತವಿಲ್, ಘಟ, ಖಂಜಿರಗಳನ್ನು ನುಡಿಸುತ್ತ ಬಂದರು. ಮರಿಯಾನೋ ಅವರೂ ಕೊನೆಯ ದಶಕಗಳನ್ನು ಕಳೆದದ್ದು ಅದೇ ನಗರದಲ್ಲಿ. ತೀರಿಕೊಂಡದ್ದೂ ಅಲ್ಲೇ, 2009ರ ಜೂನ್ 16ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ. ಬೆಂಗಳೂರಿಗೂ ಕಲೋನಿಗೂ ನಡುವೆ ಹೀಗೆ ಒಂದು ತಂತಿ ಬಿಗಿದಿತ್ತು. ಅದನ್ನು ಬಿಗಿದದ್ದು ಯಾವ ಸರ್ಕಾರದ ಒಪ್ಪಂದವೂ ಅಲ್ಲ, ಒಂದು ಪಾಠಶಾಲೆ.

ಪಾಠಶಾಲೆ ಎಂಬ ಮಾತಿಗೆ ನಾನು ಮತ್ತೆ ಮತ್ತೆ ಬರುತ್ತಿರುವುದಕ್ಕೆ ಕಾರಣವಿದೆ. ತಂಡಗಳು ಹುಟ್ಟುತ್ತವೆ, ಎರಡು ಆಲ್ಬಂ ಮಾಡುತ್ತವೆ, ಜಗಳವಾಗಿಯೋ ದುಡ್ಡಿಲ್ಲದೆಯೋ ಒಡೆದುಹೋಗುತ್ತವೆ. ಜಾಝ್ ಫ್ಯೂಷನ್ ತಂಡಗಳ ಆಯುಸ್ಸು ಎಲ್ಲ ಕಡೆಯೂ ಇಷ್ಟೇ. ಕೆಸಿಪಿ ಅಷ್ಟು ವರ್ಷ ಬಾಳಿದ್ದು ಅದು ಬರೀ ತಂಡವಾಗಿರದೆ ಇದ್ದುದರಿಂದ. ಯೂರೋಪಿನಿಂದ ಬಂದು ಸಾಮಾನು ಇಳಿಸಿದ ಮೇಲೆ ಮರುದಿನ ಬೆಳಗ್ಗೆ ಪಾಠಕ್ಕೆ ಮಕ್ಕಳು ಬರುತ್ತಾರೆ. ಅವರಿಗೆ ಚಾರ್ಲಿ ಮರಿಯಾನೋ ಯಾರೆಂದು ಗೊತ್ತಿಲ್ಲ. ತಕಿಟ ತಕದಿಮಿ ಎಂದು ಮಿಶ್ರಚಾಪುವಿನ ಏಳನ್ನು ಎಡವದೆ ಹೇಳಿದರೆ ಸಾಕು. ಈ ನಿತ್ಯದ ಕೆಲಸ ಪ್ರಯೋಗಕ್ಕೆ ಬೆನ್ನೆಲುಬಾಯಿತು. ತಮ್ಮದು ಏನೆಂದು ಗೊತ್ತಿದ್ದುದರಿಂದ ಬೇರೆಯವರ ಜೊತೆ ಬೆರೆಯಲು ಅವರಿಗೆ ಭಯವಾಗಲಿಲ್ಲ. ಸಾಂಪ್ರದಾಯಿಕರು ಕೆಲವರು ಮೂಗು ಮುರಿಯುತ್ತಾರೆ. ಸಂಗೀತ ಕಲಬೆರಕೆಯಾಯಿತು ಎನ್ನುತ್ತಾರೆ. ಅವರು 'ಜ್ಯೋತಿ'ಯ ಕೊನ್ನಕೋಲನ್ನು ತಾಳ ಹಾಕುತ್ತ ಕೇಳಲಿ. ಒಂದಕ್ಷರ 'ಕೊಸರು' ಸಿಗುವುದಿಲ್ಲ.

ಮುಂದಿನ ತಲೆಮಾರಿನ ಮಾತು ಚಿಕ್ಕದಾಗಿ. ಮಣಿ, ರಮಾಮಣಿ ದಂಪತಿಯ ಮಗ ಕಾರ್ತಿಕ್ ಮಣಿ ತಾಳವಾದ್ಯಗಾರರು; ಬೆಂಗಳೂರಿನ 'ಮೂನ್‌ಆರಾ' ತಂಡದಲ್ಲಿ ಪ್ರಕಾಶ್ ಸೊಂಟಕ್ಕೆ ಅವರ ಹವಾಯಿಯನ್ ಗಿಟಾರ್ ಮೊದಲಾದವುಗಳ ಜೊತೆ ಜಾಝ್ ಮತ್ತು ನಮ್ಮ ಲಯವನ್ನು ಕೂಡಿಸಿ ನುಡಿಸಿದವರು. ಅತ್ತ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಆಲ್ಟೋ ಸ್ಯಾಕ್ಸೊಫೋನಿನಲ್ಲಿ ದೊಡ್ಡ ಹೆಸರು. ಅವರು ಕದ್ರಿ ಗೋಪಾಲನಾಥರನ್ನು ಹುಡುಕಿಕೊಂಡು ಬಂದು 2008ರಲ್ಲಿ 'ಕಿನ್ಸ್‌ಮೆನ್' ಮಾಡಿದರು. ಹಾಗೆಂದರೆ ನಂಟರು. ಅಷ್ಟು ಹೊತ್ತಿಗೆ ಕರ್ನಾಟಕದ ಲಯ, ಕರ್ನಾಟಕದ ಊದುವಾದ್ಯ, ಜಾಝ್ ಮೂರೂ ಕೂಡುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಆ ದಾರಿಯ ಮುಳ್ಳು ಕಡಿದವರಲ್ಲಿ ಕೆಸಿಪಿಯವರು ಮೊದಲ ಸಾಲಿನವರು.

ಈಗ ಓದುಗರಲ್ಲಿ ಒಂದು ಕೋರಿಕೆ. ಇಸಿಎಂ ರೆಕಾರ್ಡುಗಳು ಎಲ್ಲೂ ಹೋಗುವುದಿಲ್ಲ, ಜರ್ಮನಿಯವರು ಜೋಪಾನ ಮಾಡಿದ್ದಾರೆ. ಆದರೆ ಬೆಂಗಳೂರು, ಮೈಸೂರು, ಮಂಗಳೂರಿನ ಸಭೆಗಳಲ್ಲಿ ತಾಳ ತರಂಗಿಣಿ ನುಡಿದ ಸಂಜೆಗಳ ಕುರುಹು ನಮ್ಮ ನಮ್ಮ ಮನೆಗಳಲ್ಲೇ ಇರಬೇಕು. ಟೇಪ್‌ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ಮುದ್ರಿಸಿಕೊಂಡ ಕ್ಯಾಸೆಟ್ಟು, ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆ, ಸಭಾ ಕಾರ್ಯದರ್ಶಿಯ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ. ಕ್ಯಾಸೆಟ್ಟಿನ ಪಟ್ಟಿಗೆ ಬೂಸ್ಟು ಹಿಡಿಯುವ ಮೊದಲು, ಅಟ್ಟದ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಹಾಗೇನಾದರೂ ಸಿಕ್ಕರೆ, ಮೃದಂಗ ಯಾರು, ಘಟ ಯಾರು, ಖಂಜಿರ ಯಾರು, ಯಾವ ಊರು, ಯಾವ ದಿನ ಎಂದು ಹಿಂಬದಿಯಲ್ಲಿ ಬರೆದಿಡಿ. ಪಕ್ಕವಾದ್ಯದವರ ಹೆಸರನ್ನು ದೊಡ್ಡ ಅಕ್ಷರದಲ್ಲೇ ಬರೆಯಿರಿ.